ಎಡಗೈ ಊಟ

ಕಳೆದ ವಾರ ತಾವರಗೇರಾಕ್ಕೆ ಹೊರಟವನು ಬಸ್ಸು ತಪ್ಪಿಸಿಕೊಂಡು ಕುಷ್ಟಗಿಯ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಬಡಿಸುತ್ತಿದ್ದ ಹೆಂಗಸು ತಟ್ಟೆಗೆ ಪುಂಡಿಪಲ್ಲೆ ಹಾಕುತ್ತ ನನ್ನ ಕೈಯನ್ನೇ ನೋಡಿದಳು.

“ಅಜ್ಜಾರ, ಬಲಗೈಗೆ ಏನರ ಪೆಟ್ಟಾಗೇತೇನ್ರಿ?”

“ಏನೂ ಇಲ್ಲವ್ವ, ರೂಢಿ ಅಷ್ಟ,” ಅಂದೆ. ಆಕೆ ನಂಬಲಿಲ್ಲ. ಎದುರಿಗಿದ್ದ ಗೃಹಸ್ಥರು ತಮ್ಮ ತಟ್ಟೆಯನ್ನು ಒಂದಿಷ್ಟು ಆಚೆ ಎಳೆದುಕೊಂಡರು. ಎಡಗೈಯಿಂದ ಉಣ್ಣುವವನ ಎದುರು ಕೂತರೆ ನಮ್ಮ ಕಡೆಯವರಿಗೆ ತುತ್ತು ಗಂಟಲಲ್ಲಿ ಇಳಿಯುವುದು ಕಷ್ಟ. ನನಗೂ ಮೊದಲು ಹಾಗೇ ಇತ್ತು, ಅವರನ್ನೇಕೆ ಬೈಯಲಿ?

ಎಡಗೈಗೆ ನಮ್ಮಲ್ಲಿ ಎಷ್ಟು ಮರ್ಯಾದೆ ಇದೆಯೆಂದು ನಿಮಗೆ ಹೇಳಬೇಕಾಗಿಲ್ಲ. ಕೊಡುವುದಕ್ಕೆ ಅದು ಬೇಡ, ತೆಗೆದುಕೊಳ್ಳುವುದಕ್ಕೆ ಬೇಡ, ದೇವರ ಮುಂದಂತೂ ಬೇಡವೇ ಬೇಡ. ಬೆಳಗ್ಗೆ ತಂಬಿಗೆ ಹಿಡಿದು ಹೋದಾಗ ಮಾತ್ರ ಅದರ ನೆನಪು. ಭಾಗ್ಯನಗರದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇತ್ತು. ಬೋಣಿಗೆಯ ಹೊತ್ತಿನಲ್ಲಿ ಯಾರಾದರೂ ಎಡಗೈ ಚಾಚಿದರೆ ಅವತ್ತಿನ ವ್ಯಾಪಾರ ಮುಗಿದೇ ಹೋಯಿತೆಂದು ಮುಖ ಗಂಟು ಹಾಕುತ್ತಿದ್ದೆ. ಜೀವಮಾನವೆಲ್ಲ ಬಟ್ಟೆಯ ಥಾನು ಹಿಡಿದದ್ದು ನನ್ನ ಎಡಗೈ, ಕತ್ತರಿ ಆಡಿಸಿದ್ದು ಬಲಗೈ. ಹಿಡಿಯುವವನಿಲ್ಲದೆ ಕತ್ತರಿಸುವವನು ಏನು ಮಾಡಿಯಾನು ಎಂಬ ಯೋಚನೆ ಆಗ ಬರಲಿಲ್ಲ. ವ್ಯಾಪಾರಿಗೆ ಅಂಥ ಯೋಚನೆಗಳು ಬರಲೂಬಾರದು.

ನನ್ನ ಹೆಂಡತಿ ಗಿರಿಜಾ ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು. ಮಗಳು ಶೋಭಾ ಚಿಕ್ಕವಳಿದ್ದಾಗ ಮರೆತು ಎಡಗೈಯಿಂದ ರೊಟ್ಟಿ ಮುರಿದರೆ, ಆ ಕೈಯನ್ನು ತನ್ನ ಮೊಣಕಾಲ ಕೆಳಗೆ ಒತ್ತಿ ಹಿಡಿದು ಊಟ ಮಾಡಿಸುವಳು. ಅಂಥ ಗಿರಿಜಾಗೆ ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಲಕ್ವಾ ಹೊಡೆಯಿತು. ಬಲಗೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಮರಳಿತ್ತು, ಕಾಲು ಅರ್ಧ ಮರಳಿತ್ತು, ಕೈ ಮಾತ್ರ ಮರಳಲಿಲ್ಲ.

ಆ ಕೈಗಾಗಿ ನಾವು ಮಾಡದ ಓಡಾಟವಿಲ್ಲ. ಎಣ್ಣೆ ತಿಕ್ಕಿಸಿದೆವು, ಹರಕೆ ಹೊತ್ತೆವು, ಯಾರೋ ಬೇರು ಕೊಡುತ್ತಾರೆಂದು ಕೇಳಿ ಯಲಬುರ್ಗಾ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದೆವು. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, “ಇನ್ನ ಆ ಕೈ ಮರೀರಿ ಸಾವ್ಕಾರ್ರ. ಅವರು ಹಿಂಗ ಉಪಾಸ ಕುಂತ್ರ ಭಾಳ ದಿನ ತಡಿಯಂಗಿಲ್ಲ. ಮದ್ಲ ಅದನ್ನ ನೋಡ್ರಿ,” ಎಂದರು.

ಉಪವಾಸ ಎಂದದ್ದು ಸುಳ್ಳಲ್ಲ. ಗಿರಿಜಾ ಎಡಗೈಯಲ್ಲಿ ಉಣ್ಣಲು ಒಪ್ಪಲಿಲ್ಲ, ಇನ್ನೊಬ್ಬರು ತುತ್ತು ಕೊಡುವುದಕ್ಕೂ ಒಪ್ಪಲಿಲ್ಲ. ಸಿದ್ದಾಪುರಕ್ಕೆ ಕೊಟ್ಟ ಶೋಭಾ ಬಂದು ಕಲಸಿದ ಅನ್ನವನ್ನು ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ನಾನು ದೊಡ್ಡ ಜಾಣನಂತೆ ಚಮಚ ತಂದೆ.

“ನಾ ಏನು ಹಲ್ಲು ಬರದ ಕೂಸೇನ್ರಿ, ಚಮಚಾಲೆ ಉಣಸಾಕ?”

“ಹಂಗಾರ ಎಡಗೈಲೆ ಉಣ್ಣು. ಮನ್ಯಾಗ ಯಾರು ನೋಡ್ತಾರ?”

“ಅನ್ನ ನೋಡ್ತೈತಿ,” ಅಂದಳು.

ಬರೀ ಚಹಾ, ಮಜ್ಜಿಗೆಯ ಮೇಲೆ ದಿನಗಳು ಹೋದವು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಇವಳು ಸಾಯಲೆಂದೇ ಕೂತಿದ್ದಾಳೆ ಅನ್ನಿಸಿ ನನಗೆ ಹೆದರಿಕೆಯಾಯಿತು.

ಏನು ಯೋಚಿಸಿ ಹಾಗೆ ಮಾಡಿದೆನೋ ಈಗಲೂ ತಿಳಿಯದು. ಒಂದು ಮಧ್ಯಾಹ್ನ ಎರಡು ತಟ್ಟೆಗಳನ್ನು ಎದುರುಬದುರು ಇಟ್ಟು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಊಟಕ್ಕೆ ಕೂತೆ. ಕಡಕ್ ರೊಟ್ಟಿಯಾದರೆ ಹೇಗೋ ಮುರಿದೀತು. ಶೋಭಾ ಮಾಡಿದ್ದು ಬಿಸಿ ಮೆತ್ತನೆಯ ರೊಟ್ಟಿ, ಬೆರಳಿಗೆ ಸಿಗಲೇ ಇಲ್ಲ. ತಟ್ಟೆ ಗಿರ್ರನೆ ತಿರುಗಿತು, ಎಣ್ಣೆಗಾಯಿ ಅಂಗಿಯ ಮೇಲೆ ಬಿತ್ತು, ತುತ್ತು ಬಾಯಿ ತಪ್ಪಿ ಮೂಗಿಗೆ ಹೋಯಿತು.

“ಹುಚ್ಚು ಹಿಡದೈತೇನ್ರಿ ನಿಮಗ? ಬಲಗೈ ಗಟ್ಟಿಮುಟ್ಟ ಐತಲ್ಲ!” ಗಿರಿಜಾ ಗದರಿದಳು.

“ನಿನ್ನ ಕೈ ತಂದುಕೊಡಾಕ ನನಗ ಆಗಲಿಲ್ಲ. ಇಷ್ಟರ ಮಾಡ್ತೀನಿ.”

“ಮಂದಿ ಕಂಡ್ರ ಏನಂತಾರ?”

“ನನ್ನ ನೋಡಿ ನಗಲಿ. ನೀ ಉಣ್ಣು.”

ಆಕೆ ಬಹಳ ಹೊತ್ತು ಅತ್ತಳು. ಆಮೇಲೆ ಎಡಗೈಯನ್ನು ಸೆರಗಿಗೆ ಒರೆಸಿ, ಅದೇ ಕೈಯಿಂದ ತಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೆರಳುಗಳಿಂದ ರೊಟ್ಟಿಯನ್ನು ತಟ್ಟೆಗೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಹರಿದಳು. “ಹಿಂಗ ಹರೀಬೇಕ್ರಿ. ಅಂಗಿ ಎಲ್ಲಾ ಹಾಳ ಮಾಡ್ಕೊಂಡ್ರಿ,” ಅಂದಳು.

ಆಮೇಲಿನ ವರ್ಷಗಳಲ್ಲಿ ಇಬ್ಬರೂ ಹಾಗೇ ಉಂಡೆವು. ಸುಖವಾಗಿದ್ದೆವು ಎಂದರೆ ಸುಳ್ಳಾದೀತು. ಸತ್ತ ಬಲಗೈಯನ್ನು ಆಕೆ ಮಡಿಲಲ್ಲಿಟ್ಟುಕೊಂಡು, ಬೇರೆಯವರ ಮನೆಯ ಕೂಸನ್ನು ನೋಡುವಂತೆ ನೋಡುತ್ತಿದ್ದಳು. ಮದುವೆ ಸೀಮಂತಗಳ ಪಂಕ್ತಿಗೆ ಎಂದೂ ಕೂರಲಿಲ್ಲ, ಆಕೆಯನ್ನು ಬಿಟ್ಟು ನಾನೂ ಕೂರಲಿಲ್ಲ. ಕೆಲವು ಸಂಜೆ ಸುಮ್ಮನೆ ಕೂತವಳು, “ದೇವರಿಗೆ ನನ್ನ ರೊಟ್ಟಿ ಬಡಿಯೋ ಕೈನ ಯಾಕ ಬೇಕಾತು?” ಎಂದು ಕೇಳುತ್ತಿದ್ದಳು. ನಾನು ಊಟದ ಹೊತ್ತಾಯಿತೆಂದು ತಟ್ಟೆ ಇಡುತ್ತಿದ್ದೆ. ಎರಡನೆಯ ಸಲ ಲಕ್ವಾ ಬಂದಾಗ ಆಕೆ ಏಳಲಿಲ್ಲ. ನನ್ನ ರೂಢಿ ಮಾತ್ರ ಉಳಿಯಿತು.

ನಿನ್ನೆಗೆ ಆಕೆ ತೀರಿ ವರ್ಷವಾಯಿತು. ಶೋಭಾ ಬಂದು ಹೋಳಿಗೆ ಮಾಡಿ, ಫೋಟೋದ ಮುಂದೆ ಎಡೆ ಇಟ್ಟಳು. ನೀರಿನ ಲೋಟ ಬಲಗಡೆ ಇತ್ತು. ಅಲ್ಲಿಟ್ಟರೆ ಆಕೆಗೆ ನಿಲುಕುವುದಿಲ್ಲವಲ್ಲ ಎಂದು ನಾನು ಎಡಗಡೆಗೆ ಸರಿಸಿದೆ. ಶೋಭಾ ಅದನ್ನು ಮೆಲ್ಲಗೆ ಮತ್ತೆ ಬಲಗಡೆಗೇ ಇಟ್ಟಳು.

“ಇರ್ಲಿ ಬಿಡಪ್ಪಾ. ಅಲ್ಲಿ ಅವ್ವಗ ಕೈ ಬಂದಿರ್ತೈತಿ.”

ನನಗೆ ಇದು ಹೊಳೆದೇ ಇರಲಿಲ್ಲ. ವರ್ಷವೆಲ್ಲ ಆಕೆಯನ್ನು ಅದೇ ಕೈಯ ಜೊತೆ ನನ್ನೆದುರು ಕೂರಿಸಿಕೊಂಡೇ ಇದ್ದೆ. ಸತ್ತ ಮೇಲೆ ಇನ್ನೊಂದು ಲೋಕ ಇದೆಯೋ ಇಲ್ಲವೋ ನಾನರಿಯೆ. ಇದ್ದರೆ ಆಕೆ ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಿರಲಿ. ನಾನು ಎಡಗೈಯನ್ನು ತೊಡೆಯ ಮೇಲಿಟ್ಟು, ಬಲಗೈಯಿಂದ ಹೋಳಿಗೆ ಮುರಿದೆ. ಕೈ ಏನನ್ನೂ ಮರೆತಿರಲಿಲ್ಲ, ಒಂದು ಚೂರೂ ಚೆಲ್ಲಲಿಲ್ಲ. ಪಕ್ಕದಲ್ಲಿ ಶೋಭಾ ಇದ್ದಳು. ಆದರೂ ಗಿರಿಜಾ ಹೋದ ಮೇಲೆ ಮೊದಲ ಸಲ ನಾನು ಒಬ್ಬನೇ ಉಂಡೆ.