ಬೆನ್ನಿನ ಪಿಕ್ಚರ್

ಡೂಪಣ್ಣನ ಒಂದು ಒಳ್ಳೆಯ ಫೋಟೋ ಮನೆಯಲ್ಲಿ ಇರಲಿಲ್ಲ. ಅವನು ಹೋದ ಮೇಲೆ ಹೆಂಡತಿ ಟ್ರಂಕು, ಕಪಾಟು, ಇಸ್ತ್ರಿ ಅಂಗಡಿಯ ಡ್ರಾಯರು ಎಲ್ಲ ತಡಕಾಡಿದಳು. ಸಿಕ್ಕಿದ್ದು ಗುರುತಿನ ಚೀಟಿಯದೊಂದೇ. ಅದರಲ್ಲಿ ಅವನು ಕದ್ದು ಸಿಕ್ಕಿಬಿದ್ದವನ ಹಾಗಿದ್ದ. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ದೊಡ್ಡದಾದ ಮೇಲೆ ಕಳ್ಳತನವೂ ದೊಡ್ಡದಾಗಿ ಕಂಡಿತು.

ಬೇರೆ ಫೋಟೋಗಳಲ್ಲಿ ಅವನಿದ್ದ, ಮುಖ ಇರಲಿಲ್ಲ. ತಂಗಿಯ ಮದುವೆಯದರಲ್ಲಿ ಮನೆಮಂದಿಯೆಲ್ಲ ಸಾಲಾಗಿ ನಿಂತು ಹಲ್ಲು ಕಿರಿದಿದ್ದಾರೆ. ಹಿಂದಿನ ಸಾಲಿನಲ್ಲಿ ಒಂದು ಬೆನ್ನು. ಅದೇ ಡೂಪಣ್ಣ. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಅತ್ತ ತಿರುಗಿಬಿಡುತ್ತಿದ್ದ. ಬೇಕೆಂದು ಅಲ್ಲ. ಕಸುಬು ಮೈಗೆ ಹತ್ತಿತ್ತು.

ಅವನ ಕಸುಬು ಒಬ್ಬ ದೊಡ್ಡ ಹೀರೋಗೆ ಡೂಪು ಆಗುವುದು. ಇಬ್ಬರದೂ ಒಂದೇ ಎತ್ತರ, ಒಂದೇ ಹೆಗಲು. ಹಿಂದಿನಿಂದ ನೋಡಿದರೆ ಹೀರೋನ ತಾಯಿಗೂ ಗೊತ್ತಾಗುತ್ತಿರಲಿಲ್ಲ ಅಂತ ಜನ ನಗುತ್ತಿದ್ದರು. ಹೀರೋ ಕುದುರೆ ಹತ್ತಬೇಕಾದಾಗ ಇವನು ಹತ್ತುತ್ತಿದ್ದ. ಹೀರೋ ಮಹಡಿಯಿಂದ ಹಾರಬೇಕಾದಾಗ ಇವನು ಹಾರುತ್ತಿದ್ದ. ಹೀರೋ ಆಗ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಆ ಕೆಲಸಕ್ಕೆ ಇದ್ದ ಕಟ್ಟಳೆ ಒಂದೇ. ಏನೇ ಆಗಲಿ, ತಿರುಗಬಾರದು. ಹಿಂದೆ ಬೆಂಕಿ ಬಿದ್ದರೂ ತಿರುಗಬಾರದು.

ಹಾಗೆ ಬದುಕು ಸಾಗುತ್ತಿರುವಾಗ ಆ ಪಿಕ್ಚರ್ ಬಂತು. ಅರ್ಧ ಶೂಟಿಂಗ್ ಆಗಿತ್ತು, ಹೀರೋಗೂ ನಿರ್ಮಾಪಕನಿಗೂ ಜಗಳವಾಯಿತು. ಹೀರೋ ಸಿಟ್ಟು ಮಾಡಿಕೊಂಡು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತ. ಮಾರನೆಯ ದಿನ ಎದ್ದು ಡೂಪಣ್ಣನ ಹೆಗಲ ಮೇಲೆ ಕೈ ಇಟ್ಟ.

"ಉಳಿದಿದ್ದೆಲ್ಲ ನಿನ್ನ ಬೆನ್ನಲ್ಲೇ ಮುಗಿಸ್ತೀನಪ್ಪ" ಅಂದ.

ಮುಗಿಸಿದ. ಹೀರೋ ಗೋಡೆ ನೋಡಿಕೊಂಡು ಪ್ರೀತಿ ಹೇಳಿಕೊಂಡ. ಕಿಟಕಿ ನೋಡಿಕೊಂಡು ಅತ್ತ. ಎದುರು ನಿಂತ ಜನರನ್ನು ಬೆನ್ನು ತಿರುಗಿಸಿಯೇ ಹೊಡೆದು ಉರುಳಿಸಿದ. ಅವನ ದನಿಯನ್ನು ಯಾರೋ ಅನುಕರಣೆ ಮಾಡುವವನು ಕೊಟ್ಟ, ಅವನಿಗೆ ಆವತ್ತು ನೆಗಡಿ. ಪೋಸ್ಟರಿನಲ್ಲಿ ಮನೆಯಷ್ಟು ದೊಡ್ಡ ಮುಖ, ಪಿಕ್ಚರಿನಲ್ಲಿ ಅರ್ಧದಿಂದಾಚೆ ಬರೀ ಬೆನ್ನು. ಮಕಾಡೆ ಮಲಗಿತು. ವಾರ ತುಂಬುವ ಮೊದಲೇ ಎತ್ತಿಬಿಟ್ಟರು.

ಅಷ್ಟೇ ಆಗಿದ್ದರೆ ಡೂಪಣ್ಣನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಕಡೆ, ಮೆಟ್ಟಿಲು ಇಳಿಯುವಾಗ, ಅವನು ತಿರುಗಿದ್ದ. ಹೀರೋನ ಕೋಟು, ಹೀರೋನ ಟೋಪಿ, ಡೂಪಣ್ಣನ ಮುಖ. ಆ ಹೊತ್ತಿಗೆ ಆ ಪಿಕ್ಚರ್ ಯಾರಿಗೂ ಬೇಕಾಗಿರಲಿಲ್ಲ, ಕತ್ತರಿಸದೆ ಹಾಗೆಯೇ ಬಿಟ್ಟಿದ್ದರು. ಪಿಕ್ಚರ್ ಮುಳುಗಿದ ಮೇಲೆ ಎಲ್ಲರ ಬೆರಳೂ ಅವನ ಕಡೆಗೆ ತಿರುಗಿತು. ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಹೆಂಡತಿಯ ಅಣ್ಣ ಊಟಕ್ಕೆ ಕೂತಲ್ಲೇ ಚುಚ್ಚಿದ.

"ಏನು ಭಾವ, ಪರದೆ ಮೇಲೆ ಒಂದ್ಸಲ ಮುಖ ಬರಲಿ ಅಂತ ಆಸೆಯಾಯ್ತಾ? ಆ ಆಸೆಗೆ ಅನ್ನದ ತಟ್ಟೇನೇ ಒದ್ದುಬಿಟ್ರಲ್ಲ."

"ತಿರುಗಿದ್ದು ನಾನೇ ತಾನೆ" ಅಂದ ಡೂಪಣ್ಣ. ನೀರು ಕುಡಿದು ಎದ್ದ. ಅದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ, ಆವತ್ತೂ ಇಲ್ಲ, ಆಮೇಲೂ ಇಲ್ಲ.

ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಹಾಕಿದ. ಹೆಸರು ಮಾತ್ರ ಡೂಪಣ್ಣ ಅಂತಲೇ ಉಳಿಯಿತು. ಕಾಲರು, ತೋಳು, ಬೆನ್ನು, ಕಡೆಗೆ ಮುಂಭಾಗ. ದಿನವಿಡೀ ಬಿಸಿಯ ಮುಂದೆ ನಿಂತು ಅಂಗೈ ಚಕ್ಕಳವಾಯಿತು. ಹೆಂಡತಿಗೆ ಒಮ್ಮೆ ಹೇಳಿದ್ದ.

"ಆ ಪಿಕ್ಚರ್ ಎಲ್ಲಾದ್ರೂ ಹಾಕಿದ್ರೆ ನೀನು ಹೋಗಬೇಡ."

"ಹೋಗಲ್ಲ ಬಿಡ್ರಿ" ಅಂದಿದ್ದಳು.

ಹೋಗಲೂ ಇಲ್ಲ. ಆದರೆ ಅಣ್ಣನ ಮಾತು ಹೊಟ್ಟೆಯಲ್ಲಿ ಉಳಿದಿತ್ತು. ಆಸೆಪಟ್ಟೇ ತಿರುಗಿದರೇನೋ? ಕೇಳಬಹುದಿತ್ತು. ಕೇಳಿ, ಹೌದು ಅಂದುಬಿಟ್ಟರೆ ಏನು ಮಾಡುವುದು ಅಂತ ಸುಮ್ಮನಾದಳು. ಸುಮ್ಮನಿದ್ದು ಸುಮ್ಮನಿದ್ದು ವಯಸ್ಸಾಯಿತು.

ಹೋದ ಚಳಿಗಾಲದಲ್ಲಿ ಯಾರದೋ ಪ್ಯಾಂಟಿನ ಮಡಿಕೆ ಸರಿ ಮಾಡುತ್ತಿದ್ದವನು ಸ್ವಲ್ಪ ಸುಸ್ತು ಅಂದ. ಸ್ಟೂಲಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿಯೇ ಕೂತಿದ್ದ.

ಈಗ ಅಂಗಡಿಯಲ್ಲಿ ಅವಳು ನಿಲ್ಲುತ್ತಾಳೆ. ನಿಂತಲ್ಲಿ ಅವನ ಮುಖ ನೆನೆಯುತ್ತಾಳೆ. ಕೆಮ್ಮು ನೆನಪಿದೆ, ಚಪ್ಪಲಿಯ ಸದ್ದು ನೆನಪಿದೆ. ಮುಖ ಮಾತ್ರ ಜಾರುತ್ತಿದೆ. ನೆನೆಯಲು ಹೋದರೆ ಗೋಡೆಯ ಮೇಲಿನ ಆ ಕಳ್ಳ ಬಂದು ನಿಲ್ಲುತ್ತಾನೆ.

ಹಾಗಿರುವಾಗ ಬಟ್ಟೆ ಕೊಡಲು ಬಂದ ಕಾಲೇಜಿನ ಹುಡುಗಿಯೊಬ್ಬಳು ಅವಸರ ಮಾಡಿದಳು.

"ಆಂಟಿ, ಶನಿವಾರಕ್ಕೆ ಬೇಕೇಬೇಕು. ಹಳೇ ಥಿಯೇಟರಲ್ಲಿ ಗಬ್ಬು ಪಿಕ್ಚರ್ ಹಾಕ್ತಾರೆ, ಎಲ್ರೂ ನಗೋಕೆ ಹೋಗ್ತೀವಿ. ಅಷ್ಟು ದೊಡ್ಡ ಹೀರೋ, ಅರ್ಧ ಪಿಕ್ಚರ್ ಬೆನ್ನು ತೋರಿಸ್ತಾನೆ. ಒಂದು ಕಡೆ ತಿರುಗ್ತಾನೆ, ನೋಡಿದ್ರೆ ಅವನೇ ಅಲ್ಲ."

ಅವಳ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ನಿಂತುಬಿಟ್ಟಿತು. ಬಟ್ಟೆ ಸುಟ್ಟ ವಾಸನೆ ಬಂದಾಗ ಎತ್ತಿದಳು. ಪುಣ್ಯಕ್ಕೆ ಅದು ತಲೆದಿಂಬಿನ ಚೀಲ.

ಸಂಜೆ ನಾದಿನಿಗೆ ಹೇಳಿದಳು. ನಾದಿನಿ ಅಂದರೆ ಡೂಪಣ್ಣನ ತಂಗಿ, ಬಾಯಿ ಜೋರು.

"ಹೋಗಲ್ಲ ಅಂತ ಮಾತು ಕೊಟ್ಟಿದ್ದೆ ಕಣೆ."

"ಮಾತು ತಗೊಂಡೋನು ಮಾತು ಮುಗಿಸಿ ಹೋದ. ನಡೀರಿ ಅತ್ತಿಗೆ."

"ಜನ ನಗ್ತಾರೆ."

"ನಗಲಿ. ಜಾಸ್ತಿ ನಕ್ಕೋರಿಗೆ ನಾನಿದ್ದೀನಿ."

ಶನಿವಾರ ಮಧ್ಯಾಹ್ನ ಇಬ್ಬರೂ ಹೋದರು. ಕುರ್ಚಿಗಳ ರೆಕ್ಸಿನ್ ಹರಿದಿತ್ತು, ಫ್ಯಾನು ಕಿರುಗುಟ್ಟುತ್ತಿತ್ತು. ಸುತ್ತ ಎಲ್ಲ ಹರೆಯದ ಮಕ್ಕಳೇ. ಪಿಕ್ಚರ್ ಶುರುವಾಯಿತು. ಹೀರೋಯಿನ್ ಹೆಸರಿನ ಮುಂದೆ ಹೊಸ ಪರಿಚಯ ಅಂತ ಬಂತು. ಮೊದಲರ್ಧ ಹೀರೋ ಮುಖವಿಟ್ಟುಕೊಂಡೇ ಕುಣಿದ. ಆಮೇಲೆ ಪರದೆಯ ಮೇಲೆ ಒಂದು ಬೆನ್ನು ಬಂತು.

ಆ ಬೆನ್ನು ಅವಳಿಗೆ ಗೊತ್ತು. ಅದಕ್ಕೆ ಎಣ್ಣೆ ತಿಕ್ಕಿದ್ದಾಳೆ, ಸಿಟ್ಟಿನಲ್ಲಿ ಅದರ ಪಕ್ಕ ಮಾತಿಲ್ಲದೆ ಮಲಗಿದ್ದಾಳೆ.

"ಹೀರೋ ಸಾರ್, ಗೋಡೆಗೆ ಏನು ಸಾಲ ಕೊಟ್ಟಿದ್ದೀರಾ?" ಅಂತ ಒಬ್ಬ ಕೂಗಿದ. ಥಿಯೇಟರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನಾದಿನಿ ಎದ್ದು ನಿಲ್ಲಲು ಹೋದಳು. ಇವಳು ಸೆರಗು ಹಿಡಿದು ಕೂರಿಸಿದಳು.

"ಕೂತ್ಕೊ. ಗೋಡೆ ಹತ್ರ ಯಾರು ಪ್ರೀತಿ ಹೇಳ್ತಾರೆ? ನನಗೇ ನಗು ಬರ್ತಿದೆ."

ನಿಜಕ್ಕೂ ಬಂದಿತ್ತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಮೆಟ್ಟಿಲಿನ ಸೀನು ಬಂತು. ಹೀರೋ ಮುನಿಸಿಕೊಂಡು ಇಳಿದು ಹೋಗುತ್ತಾನೆ, ಹೀರೋಯಿನ್ ಹಿಂದೆ ಅಳುತ್ತ ಓಡಿ ಬರುತ್ತಾಳೆ. ಅವನು ತಿರುಗಿಯೂ ನೋಡದೆ ಹೋಗಬೇಕು, ಅದು ಕತೆ. ಹುಡುಗರು ಮೊದಲೇ ತಯಾರಾಗಿದ್ದರು. ಚಪ್ಪಾಳೆ ತಟ್ಟುತ್ತ ಒಂದೇ ದನಿಯಲ್ಲಿ ಕೂಗತೊಡಗಿದರು. "ತಿರುಗೋ, ತಿರುಗೋ." ಆ ಕೂಗಿನಲ್ಲಿ ಕುಹಕ ಇರಲಿಲ್ಲ. ನೆಂಟರ ಬಸ್ಸು ಕಾಯುವ ಮಕ್ಕಳ ಹಾಗೆ ಕೂಗುತ್ತಿದ್ದರು.

"ತಿರುಗ್ರಿ" ಅಂದಳು ಅವಳೂ. ಪಕ್ಕದ ನಾದಿನಿಗೂ ಕೇಳಿಸಲಿಲ್ಲ.

ತಿರುಗಿದ.

ಥಿಯೇಟರು ಹಾರಿಹೋಗುವ ಹಾಗೆ ಸೀಟಿ ಬಿತ್ತು. ಗೋಡೆಯಷ್ಟು ದೊಡ್ಡ ಮುಖ, ಮದುವೆಯಾದ ಹೊಸದರ ಮುಖ. ಆಸೆಯಿಂದ ತಿರುಗಿದವನು ಕ್ಯಾಮೆರಾ ನೋಡಬೇಕಲ್ಲ. ಅವನು ನೋಡಲಿಲ್ಲ. ಅವನ ಕಣ್ಣು ಕೆಳಗಿತ್ತು, ಗಾಬರಿಯಾಗಿತ್ತು. ಎಲ್ಲರೂ ಆ ಮುಖ ನೋಡುತ್ತಿದ್ದರು. ಅವಳು ಮಾತ್ರ ಅವನು ನೋಡುತ್ತಿದ್ದುದನ್ನು ನೋಡಿದಳು. ಪರದೆಯ ಅಂಚಿನಲ್ಲಿ ಹೀರೋಯಿನ್ ಕಾಲು ಮೆಟ್ಟಿಲಿನಿಂದ ಜಾರಿತ್ತು. ಡೂಪಣ್ಣನ ಕೈ ಅರ್ಧ ಮೇಲೆ ಬಂದಿತ್ತು. ಅಷ್ಟರಲ್ಲಿ ಹುಡುಗಿ ತಾನೇ ಕಂಬಿ ಹಿಡಿದು ಸಾವರಿಸಿಕೊಂಡಳು. ಅವನು ಮತ್ತೆ ಬೆನ್ನಾದ.

ಪಿಕ್ಚರ್ ಮುಗಿದು ದೀಪ ಹತ್ತಿದರೂ ಅವಳು ಏಳಲಿಲ್ಲ.

"ಕಂಡ್ಯಾ?" ಅಂತ ನಾದಿನಿಯನ್ನು ಕೇಳಿದಳು.

"ಕಂಡೆ ಅತ್ತಿಗೆ. ಎಷ್ಟು ಚೆನ್ನಾಗಿದ್ದ ನಮ್ಮಣ್ಣ."

"ಮುಖ ಅಲ್ಲ ಕಣೆ. ಆ ಹುಡುಗಿ ಕಾಲು ಜಾರಿತು. ಸದ್ದು ಕೇಳಿ, ಬೀಳ್ತಾಳೆ ಅಂತ ತಿರುಗಿದ್ರು."

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. "ಮತ್ತೆ ಯಾಕೆ ಹೇಳಲಿಲ್ಲ? ನಿಮ್ಮಣ್ಣ ಅಷ್ಟು ಅಂದಾಗ್ಲೂ?"

"ಹೇಳಿದ್ರೆ ತಪ್ಪೆಲ್ಲ ಆ ಹುಡುಗಿ ತಲೆ ಮೇಲೆ ಬರ್ತಿತ್ತು. ಅವಳೋ ಹೊಸಬಳು. ಅವಳನ್ನೂ ಮನೆಗೆ ಕಳಿಸ್ತಿದ್ರು."

"ಅದಕ್ಕೆ ನಿಮ್ಮನ್ನ ಇಸ್ತ್ರಿ ಮುಂದೆ ನಿಲ್ಲಿಸಿದ್ನಾ?"

"ನನ್ನನ್ನಲ್ಲ, ತಾವೇ ನಿಂತರು" ಅಂದಳು. ನಾದಿನಿ ಅವಳ ಕೈ ಹಿಡಿದು ಕೂತಳು.

ಕಸ ಗುಡಿಸುತ್ತ ಬಂದ ಬಾಗಿಲಿನವನು ಇಬ್ಬರನ್ನೂ ನೋಡಿ ನಿಂತ.

"ಮತ್ತೆ ಯಾವಾಗ ಹಾಕ್ತೀರಪ್ಪ?" ಅಂತ ಅವಳು ಕೇಳಿದಳು.

"ಇನ್ನೊಂದು ಆಟ ಈಗಲೇ ಇದೆ. ಯಾಕಮ್ಮ, ಕತೆ ಅರ್ಥ ಆಗಲಿಲ್ವಾ? ಯಾರಿಗೂ ಆಗಲ್ಲ ಬಿಡಿ."

ನಾದಿನಿ ಹೋಗಿ ಮತ್ತೆರಡು ಟಿಕೀಟು ತಂದಳು. ಅಷ್ಟರಲ್ಲಿ ಅವಳು ಮೂರು ಸಾಲು ಮುಂದೆ ಬಂದು ಕೂತಿದ್ದಳು.

"ಕಾಲು ನೋಡ್ತಾ ನಾನು ಮುಖ ಸರಿಯಾಗಿ ನೋಡಲೇ ಇಲ್ಲ" ಅಂದಳು. "ಈ ಸಲ ಕಾಲು ನೀನು ನೋಡು. ಮುಖ ನಾನು ನೋಡ್ತೀನಿ."