ಬೆಳ್ಳಿಯಣ್ಣನನ್ನು ಕೇಳಲಿಲ್ಲ

ಬೆಟ್ಟದ ಮೇಲೆ ಎಮರಾಲ್ಡ್ ಊರಿನ ಕಡೆಯ ನಮ್ಮ ಹಟ್ಟಿಯಲ್ಲಿ ಮಳೆಗಾಲ ಬಂತೆಂದರೆ ಅಡುಗೆಮನೆಯ ಗೋಡೆ ಬೆವರುತ್ತದೆ. ಉಪ್ಪಿನ ಡಬ್ಬಿ ಒಲೆಯ ಪಕ್ಕವನ್ನು ಬಿಟ್ಟು ಕದಲುವಂತಿಲ್ಲ. ನೀವು ಬಯಲುಸೀಮೆಯವರಾದರೆ ನಕ್ಕೀರಿ, ಆದರೆ ಮದುವೆಯಾಗಿ ಬಂದಂದಿನಿಂದ ಆ ಗೋಡೆಯನ್ನು ಒರೆಸುತ್ತಲೇ ಇರುವವಳಿಗೆ ಒಣಗೋಡೆಯ ಆಸೆ ಒಡವೆಯ ಆಸೆಗಿಂತ ದೊಡ್ಡದು.

ಹೋದ ವರ್ಷ ಮನೆ ಹೊಸದು ಮಾಡಿಸಲು ಹೊರಟಾಗ ಕೊಯಮತ್ತೂರಿನಿಂದ ಕೆಲಸಗಾರರನ್ನು ಕರೆಸಿದೆ. ಕಲ್ಲುಗೋಡೆಯ ಒಳಮೈಗೆ ಜಿಪ್ಸಮ್ ಹಲಗೆ ಅಂಟಿಸುವವರು, ಲೇಸರಿನ ಕೆಂಪು ಗೆರೆ ಹಾಯಿಸಿ ಮಟ್ಟ ನೋಡುವವರು. ಆ ಗೋಡೆಯನ್ನು ಕಟ್ಟಿದ್ದು ನಮ್ಮ ಹಟ್ಟಿಯದೇ ಮೇಸ್ತ್ರಿ ಬೆಳ್ಳಿಯಣ್ಣ. ಕೆಲಸ ಕೇಳಿಕೊಂಡು ಬಂದ ಅವರಿಗೆ, “ಇದು ಹೊಸ ಟೆಕ್ನಾಲಜಿ ಅಣ್ಣ, ನಿಮಗೆ ಸರಿಬಾರದು” ಎಂದುಬಿಟ್ಟೆ.

ಆದರೂ ಅವರು ದಿನವೂ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ, “ತಂಗಿ, ಕಲ್ಲಿಗೂ ಹಲಗೆಗೂ ನಡುವೆ ಎರಡು ಬೆರಳು ಜಾಗ ಬಿಡಹೇಳು. ಒಳಗೆ ಬಂದ ಮಂಜು ಹೊರಗೆ ಹೋಗಬೇಡವಾ?” ಎಂದರು. ಕೆಲಸಗಾರರು ನಕ್ಕರು. ನಾನೂ ನಕ್ಕೆ. ಮಾರನೆಯ ದಿನದಿಂದ ಬೆಳ್ಳಿಯಣ್ಣ ಬರಲಿಲ್ಲ.

ಮೊದಲ ಮಳೆಗೇ ಹಲಗೆಗಳು ನೆನೆದ ಹಪ್ಪಳದಂತೆ ಉಬ್ಬಿದವು. ಅಂಚಿನುದ್ದಕ್ಕೂ ಕಪ್ಪು ಬೂಷ್ಟು ಹಬ್ಬಿತು. ಅತ್ತೆಯ ಕೆಮ್ಮು ಎದೆಗಿಳಿಯಿತು. ಕೊಯಮತ್ತೂರಿನವರು ಫೋನು ಎತ್ತಲಿಲ್ಲ. ನಾಚಿಕೆಯನ್ನು ನುಂಗಿಕೊಂಡು ಬೆಳ್ಳಿಯಣ್ಣನ ಮನೆಗೆ ಹೋದೆ. ಅವರ ಹೆಂಡತಿ ನನ್ನ ಮುಖ ನೋಡದೆಯೇ ಹೇಳಿದರು: “ಅವರು ಲವ್‌ಡೇಲಿನಲ್ಲಿ ಹಲಗೆ ಕೆಲಸದಲ್ಲಿದ್ದಾರೆ. ಸರಿಬಾರದು ಅಂದೆಯಲ್ಲ, ಅದೇ ತಿಂಗಳು ಕಲಿಯಕ್ಕೆ ಹೋದರು.”

ಅರವತ್ತು ದಾಟಿದ ಮನುಷ್ಯ, ಇಡೀ ಹಟ್ಟಿಗೆ ಮನೆ ಕಟ್ಟಿಕೊಟ್ಟವರು, ಯಾರದೋ ಕೈಕೆಳಗೆ ಮತ್ತೆ ಅ ಆ ಇ ಈ ತಿದ್ದಲು ಹೋಗಿದ್ದರು. ನಾನೋ, ಅವರ ವಯಸ್ಸನ್ನು ನೋಡಿದ್ದೆನೇ ಹೊರತು ಅವರನ್ನು ನೋಡಿರಲಿಲ್ಲ.

ಹೆಂಡತಿಯಿಂದ ಸುದ್ದಿ ತಿಳಿದು ಬೆಳ್ಳಿಯಣ್ಣ ಭಾನುವಾರ ಬಂದರು. ಚೀಲದಿಂದ ಲೇಸರ್ ತೆಗೆದು ಗೆರೆ ಹಾಯಿಸಿದರು, ಹಳೆಯ ಹಲಗೆ ಕಿತ್ತರು, ಕಲ್ಲಿನಿಂದ ಎರಡು ಬೆರಳು ಬಿಟ್ಟು ಕಬ್ಬಿಣದ ಪಟ್ಟಿ ನಿಲ್ಲಿಸಿ ಹೊಸ ಹಲಗೆ ಕೂರಿಸಿದರು, ಮೇಲೂ ಕೆಳಗೂ ಗಾಳಿಕಂಡಿ ಬಿಟ್ಟರು. ಎರಡು ಭಾನುವಾರದ ಕೆಲಸ. ಒಮ್ಮೆಯೂ ಹಳೆಯ ಮಾತೆತ್ತಲಿಲ್ಲ. ಕೊನೆಗೆ ನಾನೇ, “ತಪ್ಪಾಯಿತು ಅಣ್ಣ” ಎಂದೆ.

“ಇರಲಿ ಬಿಡು” ಎಂದು ಅವರು ಕೈಯ ಧೂಳು ಕೊಡವಿಕೊಂಡರು. “ಕಲಿಯುತ್ತೀರಾ ಅಂತ ಒಂದು ಮಾತು ಕೇಳಿದ್ದರೆ, ಇಲ್ಲೇ, ನಾ ಕಟ್ಟಿದ ಗೋಡೆ ಮುಂದೆಯೇ ಕಲಿತಿರುತ್ತಿದ್ದೆ.”

ಲವ್‌ಡೇಲಿನಲ್ಲಿ ಮರುದಿನ ಬೆಳಗ್ಗೆ ಎಂಟಕ್ಕೆ ಕೆಲಸವೆಂದು ಅವರು ಸಂಜೆಯ ಬಸ್ಸಿಗೆ ನಡೆದರು.