ಅಧ್ಯಕ್ಷರು ಸಾಕಿದ ಹಾವುಮೀನು

ವಿತಾಂಟೋನಿಯೊ ರೈತ ಸಂಘದ ಅಧ್ಯಕ್ಷನಾದದ್ದು ಅವನ ಅಪ್ರತಿಮ ಗುಣಗಳಿಂದಲ್ಲ. ಆಯ್ಕೆಯ ಹೊತ್ತಿನಲ್ಲಿ ಅವನು ಸಿಗರೇಟು ಸೇದಲು ಹೊರಗೆ ಹೋಗಿದ್ದ. ಒಳಗೆ ಬರುವಷ್ಟರಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ದಿನ ಜನ ತನ್ನನ್ನು ಗುರುತಿಸದೆ ಇದ್ದದ್ದೇ ಆಶ್ಚರ್ಯ ಎಂದುಕೊಂಡು ಅವನು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ಅವರು ಆಗಲೇ ಸುಮ್ಮನಾಗಿದ್ದರು.

ಇಟಲಿಯ ಪುಲಿಯಾ ಸೀಮೆಯ ಕಡಲಂಚಿನ ಆ ಊರಿನಲ್ಲಿ ಎಲ್ಲರೂ ಬೆಳೆಯುವುದು ಆರ್ಟಿಚೋಕ್. ಮುಳ್ಳುಮುಳ್ಳಾದ ಆ ಮೊಗ್ಗಿನ ಗಿಡ ಬೇಸಿಗೆಯಲ್ಲಿ ಸತ್ತಂತೆ ಒಣಗಿ ಮಲಗುತ್ತದೆ. ಜುಲೈ ಕೊನೆಗೆ ನೀರು ಕೊಟ್ಟು ಎಬ್ಬಿಸಬೇಕು. ಎಬ್ಬಿಸದಿದ್ದರೆ ಆ ವರ್ಷದ ಫಸಲು ನಿದ್ದೆಯಲ್ಲೇ ಹೋಯಿತು. ಬಾವಿಗಳಿಗೆ ಕಡಲು ನುಗ್ಗಿ ನೀರೆಲ್ಲ ಉಪ್ಪಾಗಿತ್ತು. ಅದನ್ನು ಕುಡಿದ ಗಿಡಗಳ ಎಲೆಯಂಚು ಸುಟ್ಟಂತಾಗುತ್ತಿತ್ತು. ಅತ್ತ ಊರಿನ ಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ ಚೊಕ್ಕವಾಗಿ ತೊಳೆಸಿಕೊಂಡು ಸೀದಾ ಸಮುದ್ರಕ್ಕೆ ಹೋಗುತ್ತಿತ್ತು. ಅದನ್ನು ಹೊಲಕ್ಕೆ ತಿರುಗಿಸಲು ಅನುಮತಿ ತರುತ್ತೇನೆಂದು ವಿತಾಂಟೋನಿಯೊ ಶಪಥ ಮಾಡಿದ.

ಆರೋಗ್ಯ ಇಲಾಖೆಯವರು ಪರಿಸರ ಇಲಾಖೆಯವರನ್ನು ಕೇಳು ಎಂದರು. ಪರಿಸರದವರು ಪ್ರಾಂತ್ಯದವರನ್ನು ತೋರಿಸಿದರು. ಪ್ರಾಂತ್ಯದವರು, ಆರೋಗ್ಯದವರು ಏನೆನ್ನುತ್ತಾರೆ ಎಂದು ಕೇಳಿದರು. ಮದುವೆಯ ಕೋಟು ತೊಟ್ಟು ಮೂರು ಚಳಿಗಾಲ ಕಚೇರಿಗಳ ಮೇಲೆ ದಂಡೆತ್ತಿ ಹೋದ ಈ ವೀರನಿಗೆ ಊರು ಕೊಟ್ಟ ಬಿರುದು 'ಪಾಯಿಖಾನೆಯ ಪ್ರಭು'. ಕೊನೆಗೆ ಉಳಿದದ್ದು ಒಂದೇ ಪರೀಕ್ಷೆ. ಹೊಲದಂಚಿನ ಸಂಗ್ರಹ ತೊಟ್ಟಿಯ ನೀರಿನ ಮಾದರಿ ಪಾಸಾದರೆ ಅನುಮತಿ.

ಘಟಕದಲ್ಲಿ ಕ್ಲೋರಿನ್ ಇತ್ತು, ಕ್ರಿಮಿ ಕೊಲ್ಲುವ ದೀಪವಿತ್ತು, ಅದನ್ನು ನೋಡಿಕೊಳ್ಳುವ ಒರೊಂಜೊ ಇದ್ದ. ಆದರೂ ವಿತಾಂಟೋನಿಯೊಗೆ ಸಮಾಧಾನವಾಗಲಿಲ್ಲ. ಅವನ ಅಜ್ಜ ಮನೆಯ ಮಳೆನೀರಿನ ತೊಟ್ಟಿಯಲ್ಲಿ ಹಾವುಮೀನು ಸಾಕಿದ್ದ. ಆ ಸೀಮೆಯ ಹಳೆಯ ಮನೆಗಳಲ್ಲೆಲ್ಲ ಅದೇ ಪದ್ಧತಿ: ಅದು ಹುಳು ತಿಂದು ನೀರು ಶುದ್ಧವಾಗಿಡುತ್ತದೆ, ಅದು ಬದುಕಿದ್ದರೆ ನೀರು ಒಳ್ಳೆಯದು.

ಅವನು ಮೀನು ಮಾರುಕಟ್ಟೆಯಿಂದ ತೋಳಿನಷ್ಟು ದಪ್ಪದ ಒಂದನ್ನು ಬಕೆಟ್ಟಿನಲ್ಲಿ ತಂದ. ಹೆಂಡತಿ ಅದ್ದೊಲೊರಾತಾ ಇಣುಕಿ ನೋಡಿದಳು.

"ರಾತ್ರಿ ಅಡಿಗೆಗಾ?"

"ಸರ್ಕಾರಿ ಕೆಲಸಕ್ಕೆ."

"ಹಂಗಾದ್ರೆ ಇದೂ ಏನೂ ಮಾಡಲ್ಲ ಬಿಡಿ," ಅಂದಳು.

ಸಂಘದಲ್ಲಿ ಯಾರಿಗೂ ಹೇಳದೆ ಅವನು ಅದನ್ನು ಹೊಲದಂಚಿನ ತೊಟ್ಟಿಗೆ ಬಿಟ್ಟ. ಹಾವುಮೀನು ಬದುಕಿತು, ಕೊಬ್ಬಿತು ಕೂಡ. ಅದನ್ನು ನೋಡಲು ಒಂದು ಕೊಕ್ಕರೆ ಬಂತು, ಆಮೇಲೆ ಅದರ ಬಂಧುಬಳಗ, ಜೊತೆಗೆ ಕಡಲಹಕ್ಕಿಗಳು. ತೊಟ್ಟಿಯ ಕಟ್ಟೆ ಅವುಗಳ ಹಿಕ್ಕೆಯಿಂದ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಆಕಾಶದ ಹಕ್ಕಿಗಳೇ ನಮ್ಮ ನೀರಿಗೆ ಒಪ್ಪಿಗೆ ಕೊಟ್ಟಿವೆ ಎಂದು ಅಧ್ಯಕ್ಷರು ಎದೆ ಉಬ್ಬಿಸಿಕೊಂಡರು.

ಮಾದರಿ ಫೇಲಾಯಿತು. ನೀರಿನಲ್ಲಿ ಮಲದ ಕ್ರಿಮಿಗಳು ಸಿಕ್ಕಿದ್ದವು.

ಜುಲೈ ತಿಂಗಳು ಆಗಲೇ ಶುರುವಾಗಿತ್ತು. ಪರೀಕ್ಷಕಿ ಮೆಲ್ಕಿಯೋರೆ ಮೇಡಂ ಖುದ್ದಾಗಿ ತೊಟ್ಟಿಯ ಬಳಿ ಬಂದರು. ಸಂಘದವರೆಲ್ಲ ಸೇರಿದ್ದರು. ವಿತಾಂಟೋನಿಯೊ ಕೋಟಿನ ಗುಂಡಿ ಹಾಕಿಕೊಂಡು, ಒರೊಂಜೊನ ಕಡೆ ಬೆರಳು ಚಾಚಿದ.

"ನಿನ್ನ ದೀಪ ಕೆಟ್ಟಿದೆ ಕಣಯ್ಯಾ! ನಾನು ಮೂರು ವರ್ಷ ಕಟ್ಟಿದ್ದನ್ನ ನೀನು ನಿದ್ದೆ ಮಾಡಿ ಕೆಡವಿದೆ!"

"ನನ್ನ ಘಟಕದ ಬಾಯಲ್ಲಿ ನೀರು ಚೆನ್ನಾಗಿದೆ, ಪ್ರಭುಗಳೇ," ಅಂದ ಒರೊಂಜೊ. "ಕೆಡ್ತಿರೋದು ನಿಮ್ಮ ತೊಟ್ಟೀಲಿ."

ಮೇಡಂ ಕಟ್ಟೆಯನ್ನು ನೋಡುತ್ತಿದ್ದರು. "ಇಷ್ಟೊಂದು ಹಕ್ಕಿ ಯಾಕೆ ಇಲ್ಲಿ? ಈ ನೀರಲ್ಲಿ ಅವಕ್ಕೆ ತಿನ್ನೋಕೆ ಏನಿದೆ?"

"ನಂಬಿಕೆ, ಮೇಡಂ," ಎಂದು ವಿತಾಂಟೋನಿಯೊ ಭಾಷಣ ಶುರುಮಾಡಿದ. "ಪ್ರಕೃತಿಗೆ ನಮ್ಮ ಸಂಘದ ಮೇಲಿರೋ..."

ಅಷ್ಟರಲ್ಲಿ ಕೊಕ್ಕರೆಯೊಂದು ಕುತ್ತಿಗೆ ಬೀಸಿತು. ಅದರ ಕೊಕ್ಕಿನಲ್ಲಿ ಹಾವುಮೀನು ಹಗ್ಗದಂತೆ ಹೊಸೆದುಕೊಳ್ಳುತ್ತಾ ಮೇಲೆದ್ದಿತು. ಭಾರ ತಾಳಲಾರದೆ ಹಕ್ಕಿ ಅದನ್ನು ಮತ್ತೆ ನೀರಿಗೆ ಕೆಡವಿತು.

"ನನ್ನ ಘಟಕದಲ್ಲಿ ಅದನ್ನ ತಯಾರು ಮಾಡಲ್ಲ," ಅಂದ ಒರೊಂಜೊ.

"ಯಾರು ಬಿಟ್ಟಿದ್ದು ಇದನ್ನ?" ಮೇಡಂ ಕೇಳಿದರು.

ವಿತಾಂಟೋನಿಯೊ ಸುತ್ತ ನೋಡಿದ. ತಪ್ಪು ಹೊರಿಸಲು ಒಳ್ಳೆಯ ಮುಖ ಒಂದೂ ಕಾಣಲಿಲ್ಲ. "ನಮ್ಮಜ್ಜ."

"ಎಲ್ಲಿದ್ದಾರೆ?"

"ಸ್ಮಶಾನದಲ್ಲಿ. ಬಕೆಟ್ಟು ಹಿಡಿದಿದ್ದು ಮಾತ್ರ ನಾನು."

ಮೇಡಂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಕೆಮ್ಮು ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಹೇಳಿದರು: "ತೊಟ್ಟಿ ಖಾಲಿ ಮಾಡಿ. ತೊಳೀರಿ. ಮೇಲೆ ಬಲೆ ಹಾಕಿ. ಇನ್ನೊಂದೇ ಸಲ ಮಾದರಿ ತಗೋತೀನಿ. ಅದೂ ಹೋದ್ರೆ ಮುಂದಿನ ವರ್ಷ."

ನೀರು ಇಳಿಸಿದರು. ತಳದಲ್ಲಿ ಒಂದಿಷ್ಟು ಕೆಸರು, ಕೆಸರಿನಲ್ಲಿ ಹಾವುಮೀನು, ಅದರ ಎದುರು ಪ್ಯಾಂಟು ಮಡಚಿದ ಅಧ್ಯಕ್ಷ. ಆ ಯುದ್ಧವನ್ನು ಸಂಘದವರು ಕಟ್ಟೆಯ ಮೇಲೆ ಕೂತು, ಫೊಕಾಚ್ಚಾ ರೊಟ್ಟಿ ಮುರಿದು ತಿನ್ನುತ್ತಾ ನೋಡಿದರು. ವಿತಾಂಟೋನಿಯೊ ಹಿಡಿದಾಗಲೆಲ್ಲ ಅದು ಜಾರಿತು. ಅದು ಜಾರಿದಾಗಲೆಲ್ಲ ಅವನು ಬಿದ್ದ.

"ಕೋಟು ಬಿಚ್ಚಿಡೋ! ಅದಕ್ಕೂ ಕಚೇರಿ ಅನ್ಸಿ ಭಯ ಬಿದ್ದಿದೆ!"

"ಒಂದು ಅರ್ಜಿ ಕೊಟ್ಟು ನೋಡು, ಪ್ರಭು! ಮೂರು ವರ್ಷಕ್ಕೆ ಕೈಗೆ ಬರುತ್ತೆ!"

ಅವನಿಗೂ ನಗು ಬಂತು. ಕೆಸರಿನಲ್ಲಿ ಕೂತು ನಗುತ್ತಿದ್ದವನಿಗೆ, ಈ ಮೂರು ವರ್ಷದಲ್ಲಿ ತಾನು ಸಂಘಕ್ಕೆ ಕೊಟ್ಟ ಅತ್ಯಂತ ಉಪಯುಕ್ತ ಕಾರ್ಯಕ್ರಮ ಇದೇ ಇರಬೇಕು ಎನ್ನಿಸಿತು.

ಅದ್ದೊಲೊರಾತಾ ಪಕ್ಕದ ಅಂಜೂರದ ಮರದಿಂದ ಎರಡು ಎಲೆ ಕಿತ್ತುಕೊಂಡು ಕೆಳಗಿಳಿದಳು. ಒರಟು ಎಲೆಯನ್ನು ಅಂಗೈಯಲ್ಲಿಟ್ಟು ಹಾವುಮೀನಿನ ಕುತ್ತಿಗೆಯನ್ನು ಒಂದೇ ಸಲಕ್ಕೆ ಹಿಡಿದಳು. ಅದು ಜಾರಲಿಲ್ಲ.

"ನಿಮ್ಮಜ್ಜ ಇದನ್ನ ಹೇಳಿಕೊಡ್ಲಿಲ್ವಾ?"

"ಅದನ್ನ ಅಜ್ಜಿ ಮಾಡ್ತಿದ್ದಳು," ಎಂದ ವಿತಾಂಟೋನಿಯೊ, ಮೂಗಿನ ಕೆಸರು ಒರೆಸಿಕೊಳ್ಳುತ್ತಾ.

ಹಾವುಮೀನು ಬಕೆಟ್ಟಿನಲ್ಲಿ ಮನೆಯ ಮಳೆನೀರಿನ ತೊಟ್ಟಿಗೆ ಹೋಯಿತು. ವಿತಾಂಟೋನಿಯೊ ತಾನೇ ಮಂಡಿಯೂರಿ ಹೊಲದ ತೊಟ್ಟಿ ಉಜ್ಜಿದ. ಬಲೆ ಕಟ್ಟಿದ. ಒರೊಂಜೊನ ಮನೆಗೆ ಹೋಗಿ ಕ್ಷಮೆ ಕೇಳಿದ. ಒರೊಂಜೊ ವೈನು ಕೊಟ್ಟ, ಆದರೆ ಗ್ಲಾಸಿನೊಳಗೆ ಮೊದಲು ಇಣುಕಿ, "ಹಾವುಮೀನು ಇಲ್ಲ, ಕುಡಿ," ಅಂದ.

ಎರಡನೆಯ ಮಾದರಿ ಪಾಸಾಯಿತು. ಜುಲೈ ಮುಗಿಯುವ ಮೊದಲೇ ಅನುಮತಿ ಬಂತು. ಅದರ ಕೊನೆಯ ಷರತ್ತು ಬೇರೆ ಯಾವ ಊರಿನ ಅನುಮತಿಯಲ್ಲೂ ಇರಲಾರದು: ತೊಟ್ಟಿಯಲ್ಲಿ ಯಾವುದೇ ಜೀವಿಯನ್ನು, ಯಾರ ಸಲಹೆಯ ಮೇರೆಗೂ, ಸಾಕತಕ್ಕದ್ದಲ್ಲ.

ನೀರು ಬಿಡುವ ದಿನ ವಿತಾಂಟೋನಿಯೊ ಒಗೆಸಿದ ಕೋಟಿನಲ್ಲಿ ಬಂದ. ಜೇಬಿನಿಂದ ದೊಡ್ಡ ಭಾಷಣವೊಂದನ್ನು ಹೊರತೆಗೆದು ಬಿಡಿಸಿದ. "ಬಂಧುಗಳೇ," ಎನ್ನುವಷ್ಟರಲ್ಲಿ ಕೊಳವೆಗಳು ಗೊರಗುಟ್ಟಿದವು. ಬಂಧುಗಳೆಲ್ಲ ತಂತಮ್ಮ ನಲ್ಲಿಗಳ ಕಡೆ ಓಡಿದರು. ಉಳಿದದ್ದು ಅಧ್ಯಕ್ಷ ಮತ್ತು ಅಧ್ಯಕ್ಷನ ಹೆಂಡತಿ. ಮುಂದಿನ ಸಾಲಿನಲ್ಲಿ ಒಣಗಿ ಮಲಗಿದ್ದ ಬುಡಗಳ ಸುತ್ತ ಮಣ್ಣು ಕಪ್ಪಾಗುತ್ತಾ ಬಂತು.

"ಮಡಚಿ ಇಡಿ," ಅಂದಳು ಅದ್ದೊಲೊರಾತಾ. "ಮನೆ ತೊಟ್ಟೀಲಿ ಅವನೊಬ್ಬ ಇದ್ದಾನಲ್ಲ, ಅವನಿಗೆ ಓದಿ ಹೇಳುವಿರಂತೆ. ಕ್ರಿಸ್‌ಮಸ್ ಒಳಗೆ ಮಾತ್ರ ಮುಗಿಸಿಬಿಡಿ. ಅವತ್ತು ಅವನಿಗೆ ಬಾಣಲೆಯಲ್ಲಿ ಕೆಲಸ ಇದೆ."

ವಿತಾಂಟೋನಿಯೊ ಭಾಷಣವನ್ನು ಜೇಬಿಗೆ ಸೇರಿಸಿ, ತನ್ನ ನಲ್ಲಿಯ ಕಡೆ ಓಡಿದ.